ಅರ್ಧ ಮಿಲಿಮೀಟರಿನ ಶಿಸ್ತು

ಮೆಕ್ಕೆಜೋಳದ ಒಕ್ಕಣೆ ಶುರುವಾಯಿತೆಂದರೆ ಜಗಳೂರು ಸೀಮೆಯ ರಸ್ತೆಗಳು ಅರ್ಧಕ್ಕರ್ಧ ಹಳದಿಯಾಗುತ್ತವೆ. ಡಾಂಬರಿನ ಮೇಲೆ ಕಾಳು ಹರವಿ ಒಣಗಿಸುತ್ತಿರುತ್ತಾರೆ. ಪಕ್ಕದ ಹೊಲದಲ್ಲಿ ಟ್ರ್ಯಾಕ್ಟರಿಗೆ ಕಟ್ಟಿದ ಯಂತ್ರ ತೆನೆ ನುಂಗಿ ಒಂದು ಕಡೆ ಕಾಳು, ಇನ್ನೊಂದು ಕಡೆ ಬೆಂಡು, ಹೊಟ್ಟು, ಧೂಳು ಉಗುಳುತ್ತಿರುತ್ತದೆ. ಅದರ ಬಾಯಿಗೆ ಪುಟ್ಟಿಯಿಂದ ತೆನೆ ಸುರಿಯುವವರನ್ನು ಗಮನಿಸಿ. ತಲೆಗೆ, ಮೂಗಿಗೆ, ಬಾಯಿಗೆ ಟವೆಲ್ ಬಿಗಿದಿರುತ್ತದೆ. ತೆರೆದಿರುವುದು ಕಣ್ಣೆರಡೇ.

ಹೊನ್ನಾಳಿಯ ಗದ್ದೆಗಳಲ್ಲಿ ಬಗ್ಗಿ ಕಳೆ ಕೀಳುವವರ ಕಣ್ಣಿಗೆ ಭತ್ತದ ಗರಿಯ ತುದಿ ಸವರುತ್ತದೆ. ಚನ್ನಗಿರಿಯ ತೋಟದಲ್ಲಿ ದೋಟಿ ಹಿಡಿದು ಅಡಿಕೆ ಕೊನೆ ಇಳಿಸುವವನು ಮೇಲೆ ನೋಡಲೇಬೇಕು. ಅವನು ಮೇಲೆ ನೋಡಿದಾಗಲೇ ಪುಡಿ, ಸೋಗೆಯ ಚೂರು ಕೆಳಗೆ ಉದುರುತ್ತವೆ. ನ್ಯಾಮತಿಯಲ್ಲಿ ಜೋಳವೂ ಉಂಟು, ತೋಟವೂ ಉಂಟು; ಎರಡರ ಅಪಾಯವೂ ಉಂಟು. ಕಣ್ಣಿಗೆ ಬಿದ್ದದ್ದು ಸಾಸಿವೆಯ ಕಾಲು ಭಾಗದಷ್ಟೂ ಇರುವುದಿಲ್ಲ. "ಏನಿಲ್ಲ ಬಿಡು, ಹೊಟ್ಟು ಬಿದ್ದಿರಬೇಕು, ರಾಶಿ ಮುಗಿಸಿಕೊಂಡು ನೋಡಿದರಾಯ್ತು" ಎಂದು ಕೆಲಸ ಮುಂದುವರಿಯುತ್ತದೆ. ಬಹಳಷ್ಟು ಸಲ ನಿಜವಾಗಿಯೂ ಏನೂ ಆಗುವುದಿಲ್ಲ. ಕೆಲವು ಸಲ ಆ ಕಣ್ಣಲ್ಲಿ ಹೂ ಬೀಳುತ್ತದೆ. ಬಿದ್ದ ಹೂವನ್ನು ತೊಳೆದು ತೆಗೆಯುವ ಔಷಧಿ ಇಂದಿಗೂ ಇಲ್ಲ.

ಯಾಕೆ ಇಲ್ಲ ಎಂದು ಅರ್ಥವಾಗಬೇಕಾದರೆ ಕರಿಗುಡ್ಡೆಯ ಮೇಲೆ ಕೂತಿರುವ ಆ ತಿಳಿಯಾದ ಪರದೆ, ಕಾರ್ನಿಯಾ, ಹೇಗೆ ಕಟ್ಟಲ್ಪಟ್ಟಿದೆ ಎಂದು ನೋಡಬೇಕು. ಅದರ ಅಗಲ ಸುಮಾರು ಹನ್ನೊಂದೂವರೆ ಮಿಲಿಮೀಟರು. ನಡುವಿನ ದಪ್ಪ ಅರ್ಧ ಮಿಲಿಮೀಟರಿಗಿಂತ ಒಂದು ಕೂದಲೆಳೆ ಹೆಚ್ಚು. ಕಣ್ಣಿನೊಳಗೆ ಬೆಳಕನ್ನು ಬಾಗಿಸಿ ಒಂದೆಡೆ ಕೂಡಿಸುವ ಕೆಲಸದಲ್ಲಿ ಮೂರನೇ ಎರಡು ಪಾಲು ಇದರದೇ. ನಾವು ಸಾಮಾನ್ಯವಾಗಿ ಕೀರ್ತಿ ಕೊಡುವ ಒಳಗಿನ ಮಸೂರಕ್ಕೆ ಉಳಿದ ಪಾಲು. ಇದರಲ್ಲಿ ರಕ್ತನಾಳಗಳಿಲ್ಲ. ತನಗೆ ಬೇಕಾದ ಆಮ್ಲಜನಕದ ಬಹುಪಾಲನ್ನು ಕಣ್ಣೀರಿನ ಮೂಲಕ ನೇರವಾಗಿ ಗಾಳಿಯಿಂದ ಪಡೆಯುತ್ತದೆ. ನರಗಳಂತೂ ದೇಹದ ಬೇರಾವ ಜಾಗದಲ್ಲೂ ಇಷ್ಟು ದಟ್ಟವಾಗಿಲ್ಲ. ಹೊಟ್ಟಿನ ಒಂದು ಗೀರಿಗೆ ಗಟ್ಟಿ ಆಳೂ ಕಣ್ಣು ಮುಚ್ಚಿ ಕೂರುವುದು ಅದಕ್ಕೇ.

ಮೇಲ್ಗಡೆ ಜೀವಕೋಶಗಳ ತೆಳುವಾದ ಹೊದಿಕೆ, ಕೆಳಗಡೆ ಒಂದೇ ಸಾಲು ಜೀವಕೋಶಗಳ ಒಳಪದರ, ಇವೆರಡರ ನಡುವೆ ಸ್ಟ್ರೋಮಾ. ದಪ್ಪದಲ್ಲಿ ಶೇಕಡ 90 ಭಾಗ ಈ ಸ್ಟ್ರೋಮಾವೇ. ನೀರನ್ನು ಬಿಟ್ಟರೆ ಅದರಲ್ಲಿ ಇರುವುದು ಮುಖ್ಯವಾಗಿ ಕೊಲಾಜೆನ್ ಎಂಬ ಪ್ರೊಟೀನು. ಕಣ್ಣಿಗೆಂದೇ ಹುಟ್ಟಿದ ವಿಶೇಷ ವಸ್ತುವೇನೂ ಅದಲ್ಲ. ನಮ್ಮ ಚರ್ಮದಲ್ಲಿ, ಹಿಮ್ಮಡಿಯ ಸ್ನಾಯುರಜ್ಜುವಿನಲ್ಲಿ, ಎಲುಬಿನಲ್ಲಿ, ಕಣ್ಣಿನ ಬಿಳಿಭಾಗದಲ್ಲಿ ಇರುವುದೂ ಹೆಚ್ಚುಕಡಿಮೆ ಇದೇ ಕೊಲಾಜೆನ್. ಚರ್ಮದ ಮೂಲಕ ಆಚೆಗೆ ಕಾಣುವುದಿಲ್ಲ. ಕಾರ್ನಿಯಾದ ಮೂಲಕ ಜಗತ್ತೆಲ್ಲ ಕಾಣುತ್ತದೆ. ಸರಕು ಒಂದೇ ಆಗಿದ್ದರೂ ಒಂದು ಕಡೆ ಗೋಡೆ, ಇನ್ನೊಂದು ಕಡೆ ಕಿಟಕಿ.

ಕೊಲಾಜೆನ್ನಿನ ಅಣು ಹೇಗಿದೆ ಎಂದು ಜಗತ್ತಿಗೆ ತೋರಿಸಿದವರಲ್ಲಿ ಮೊದಲಿಗರು ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ವಿ. ರಾಮನ್ ಅವರ ಬಳಿ ಕಲಿತ ಜಿ.ಎನ್. ರಾಮಚಂದ್ರನ್. 1952ರಲ್ಲಿ ಮದರಾಸು ವಿಶ್ವವಿದ್ಯಾಲಯಕ್ಕೆ ಭೌತಶಾಸ್ತ್ರದ ಪ್ರಾಧ್ಯಾಪಕರಾಗಿ ಹೋದಾಗ ಅವರಿಗೆ ಇನ್ನೂ ಮೂವತ್ತರ ಆಸುಪಾಸು. ಅಲ್ಲಿಯ ಚರ್ಮ ಸಂಶೋಧನಾ ಸಂಸ್ಥೆಯಿಂದ ಮಾದರಿ ತರಿಸಿಕೊಂಡು, ಗೋಪಿನಾಥ್ ಕರ್ತಾ ಅವರ ಜೊತೆ ಎಕ್ಸ್-ರೇ ಹಾಯಿಸಿ, 1954 ಮತ್ತು 1955ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಉತ್ತರ ಪ್ರಕಟಿಸಿದರು. ಮೂರು ಸರಪಳಿಗಳು ಒಂದಕ್ಕೊಂದು ಹೊಸೆದುಕೊಂಡ ಸುರುಳಿ ಅದು. ಪ್ರತಿ ಸರಪಳಿಯಲ್ಲಿ ಸುಮಾರು ಸಾವಿರ ಅಮೈನೋ ಆಮ್ಲಗಳಿದ್ದು, ಅವುಗಳಲ್ಲಿ ಪ್ರತಿ ಮೂರನೆಯದು ಗ್ಲೈಸಿನ್. ಮೂರೂ ಸರಪಳಿಗಳು ಸೇರುವ ನಡುಜಾಗ ಎಷ್ಟು ಇಕ್ಕಟ್ಟೆಂದರೆ ಎಲ್ಲಕ್ಕಿಂತ ಚಿಕ್ಕದಾದ ಗ್ಲೈಸಿನ್ ಮಾತ್ರ ಅಲ್ಲಿ ಹಿಡಿಯುತ್ತದೆ. ರಾಮಚಂದ್ರನ್ ಮುಂದೆ ಬೆಂಗಳೂರಿಗೇ ಮರಳಿ ವಿಜ್ಞಾನ ಸಂಸ್ಥೆಯಲ್ಲಿ ಅಣು ಜೀವಭೌತಶಾಸ್ತ್ರದ ವಿಭಾಗ ಕಟ್ಟಿದರು. ಕೊಲಾಜೆನ್ನಿನ ಮೇಲೆ ಅವರು ಮಾಡಿದ್ದು ನೊಬೆಲ್ ಬರಬೇಕಿದ್ದ ಕೆಲಸವೆಂದು ಬಲ್ಲವರು ಹೇಳುತ್ತಾರೆ. ನನಗೂ ಹಾಗೇ ಅನಿಸುತ್ತದೆ. ನಮ್ಮ ಶಾಲೆಗಳ ಗೋಡೆಯ ಮೇಲೆ ರಾಮನ್ ಪಕ್ಕದಲ್ಲಿ ಈ ಶಿಷ್ಯನ ಚಿತ್ರವೂ ಇರಬೇಕಿತ್ತು.

ಇಂಥ ಅಣುಗಳು ನೂರಾರು ಒತ್ತಾಗಿ ಸೇರಿ ಒಂದು ಎಳೆಯಾಗುತ್ತವೆ. ಚರ್ಮದಲ್ಲಿ, ಕಣ್ಣಿನ ಬಿಳಿಭಾಗದಲ್ಲಿ ಈ ಎಳೆಗಳು ಒಂದು ದಪ್ಪ, ಒಂದು ಸಪೂರ. ಒಂದು ಹತ್ತಿರ, ಒಂದು ದೂರ. ಕಾರ್ನಿಯಾದಲ್ಲಿ ಹಾಗಿಲ್ಲ. ಪ್ರತಿ ಎಳೆಯೂ ಸುಮಾರು 30 ನ್ಯಾನೋಮೀಟರು ದಪ್ಪ, ಅಂದರೆ ತಲೆಗೂದಲಿನ ಎರಡು ಸಾವಿರದಲ್ಲೊಂದು ಪಾಲಿಗಿಂತಲೂ ಕಡಿಮೆ. ಒಂದರ ನಡುವಿನಿಂದ ಇನ್ನೊಂದರ ನಡುವಿಗೆ ಸುಮಾರು 60 ನ್ಯಾನೋಮೀಟರು ಅಂತರ. ಈ ಅಂತರವನ್ನು ಕಾಯುವುದಕ್ಕೆಂದೇ ಲುಮಿಕ್ಯಾನ್, ಡೆಕೋರಿನ್, ಕೆರಟೋಕ್ಯಾನ್ ಎಂಬ ಸಕ್ಕರೆ ಬೆರೆತ ಪ್ರೊಟೀನುಗಳು ಎಳೆ ಎಳೆಯ ನಡುವೆ ಕೂತಿವೆ.

ಸರಿಯಾದ ಅಂತರಕ್ಕೂ ತಿಳಿತನಕ್ಕೂ ಏನು ಸಂಬಂಧ? 1957ರಲ್ಲಿ ಲಂಡನ್ನಿನ ಡೇವಿಡ್ ಮಾರಿಸ್ ಎಂಬ ವಿಜ್ಞಾನಿ ಇದಕ್ಕೆ ಲೆಕ್ಕ ಹಾಕಿ ಉತ್ತರ ಕೊಟ್ಟರು. ಎಳೆಗೆ ಬಡಿದ ಬೆಳಕು ಎಲ್ಲ ದಿಕ್ಕಿಗೂ ಸ್ವಲ್ಪ ಸ್ವಲ್ಪ ಚದುರಬೇಕು. ಕಾರ್ನಿಯಾದಲ್ಲಿ ಇರುವ ಎಳೆಗಳು ಲೆಕ್ಕಕ್ಕೆ ಸಿಗದಷ್ಟು. ಅಷ್ಟೂ ಎಳೆಗಳು ತಮ್ಮ ಪಾಡಿಗೆ ತಾವು ಬೆಳಕು ಚದುರಿಸಿದ್ದರೆ ಕಾರ್ನಿಯಾ ಬೆಳ್ಳಗೆ ಕಾಣಬೇಕಿತ್ತು, ನಾವು ಕುರುಡರಾಗಿರಬೇಕಿತ್ತು. ಆದರೆ ಬೆಳಕು ಅಲೆ. ಸೂಳೆಕೆರೆಯ ನಿಂತ ನೀರಿಗೆ ಎರಡು ಕಲ್ಲು ಎಸೆದು ನೋಡಿ: ಒಂದರ ಉಬ್ಬು ಇನ್ನೊಂದರ ತಗ್ಗಿಗೆ ಬಂದು ಕೂಡಿದ ಕಡೆ ನೀರು ಅಲುಗದೆ ನಿಲ್ಲುತ್ತದೆ. ಎಳೆಗಳು ಒಂದೇ ದಪ್ಪವಾಗಿದ್ದು, ಬೆಳಕಿನ ಅಲೆಯ ಉದ್ದಕ್ಕಿಂತ ಎಷ್ಟೋ ಚಿಕ್ಕ ಅಂತರದಲ್ಲಿ ಕ್ರಮವಾಗಿ ನಿಂತಿದ್ದರೆ, ಪಕ್ಕಕ್ಕೆ ಚದುರಿದ ಅಲೆಗಳು ಹೀಗೇ ಒಂದನ್ನೊಂದು ಅಳಿಸಿಹಾಕುತ್ತವೆ. ನೇರ ಮುಂದಕ್ಕೆ ಹೊರಟ ಬೆಳಕು ಮಾತ್ರ ಉಳಿದು ಒಳಗೆ ಹೋಗುತ್ತದೆ. ಹರಳಿನಲ್ಲಿರುವಷ್ಟು ಕಟ್ಟುನಿಟ್ಟಾದ ಸಾಲು ಬೇಡ, ಅಕ್ಕಪಕ್ಕದ ಎಳೆಗಳ ನಡುವೆ ಕ್ರಮವಿದ್ದರೆ ಸಾಕು ಎಂದು ಅನಂತರ ಬಂದವರು ಮಾರಿಸ್ ಮಾತನ್ನು ತುಸು ಸಡಿಲಿಸಿದರು. ಕಣ್ಣಿನ ಕಪ್ಪಿಗೂ ಬಿಳಿಗೂ ನಡುವಿನ ಗೆರೆಯನ್ನು ಕನ್ನಡಿಯಲ್ಲಿ ನೋಡಿಕೊಳ್ಳಿ. ಆ ಗೆರೆಯ ಈಚೆಗೆ ಎಳೆಗಳಿಗೆ ಶಿಸ್ತಿದೆ, ಆಚೆಗೆ ಇಲ್ಲ. ತಿಳಿ ಮತ್ತು ಬಿಳಿಯ ನಡುವೆ ಇರುವ ದೊಡ್ಡ ವ್ಯತ್ಯಾಸ ಅದು.

ಈ ಕ್ರಮಕ್ಕೆ ಮೊದಲ ಶತ್ರು ನೀರು. ಸ್ಟ್ರೋಮಾ ನೀರನ್ನು ಹೀರುವ ಸ್ವಭಾವದ್ದು. ಹೀರಿ ಉಬ್ಬಿದರೆ ಎಳೆಗಳ ನಡುವಿನ ಅಂತರ ಏರುಪೇರಾಗಿ ಮಬ್ಬು ಕವಿಯುತ್ತದೆ. ಒಳಪದರದ ಜೀವಕೋಶಗಳು ಹಗಲೂ ರಾತ್ರಿ ನೀರನ್ನು ಹೊರಗೆ ಎತ್ತಿಹಾಕುತ್ತಾ ಇದನ್ನು ತಡೆಯುತ್ತವೆ. ವಯಸ್ಕರಲ್ಲಿ ಒಂದು ಚದರ ಮಿಲಿಮೀಟರಿಗೆ ಇವು ಸುಮಾರು ಎರಡೂವರೆ ಸಾವಿರ. ಸತ್ತ ಕೋಶದ ಜಾಗಕ್ಕೆ ಹೊಸದು ಹುಟ್ಟುವುದಿಲ್ಲ. ಪಕ್ಕದವೇ ಅಗಲವಾಗಿ ಜಾಗ ತುಂಬುತ್ತವೆ. ಪೊರೆಯ ಶಸ್ತ್ರಚಿಕಿತ್ಸೆಯಾದ ಕೆಲವು ಹಿರಿಯರ ಕಣ್ಣು ವರ್ಷಗಳ ಮೇಲೆ ಮತ್ತೆ ಮಂಜಾಗುವುದಕ್ಕೆ ಈ ಕೋಶಗಳು ತೀರಾ ಕಡಿಮೆಯಾಗಿದ್ದೂ ಒಂದು ಕಾರಣ.

ಗಟ್ಟಿತನದ ಕಥೆಯೂ ಇದೇ ಎಳೆಗಳದ್ದು. ಕಣ್ಣಿನೊಳಗೆ ಸದಾ ಒತ್ತಡವಿರುತ್ತದೆ, ಆರೋಗ್ಯವಂತರಲ್ಲಿ ಪಾದರಸದ ಲೆಕ್ಕದಲ್ಲಿ 10ರಿಂದ 21 ಮಿಲಿಮೀಟರು. ಅದನ್ನು ತಡೆದುಕೊಂಡು ಗುಮ್ಮಟದ ಆಕಾರ ಕೆಡದಂತೆ ಜೀವಮಾನವಿಡೀ ನಿಲ್ಲಬೇಕು. ಇದಕ್ಕಾಗಿ ಎಳೆಗಳು ತೆಳ್ಳನೆಯ ಪದರಗಳಾಗಿ, ಸುಮಾರು ಇನ್ನೂರರಿಂದ ಇನ್ನೂರೈವತ್ತು ಪದರಗಳಾಗಿ, ಒಂದರ ಮೇಲೊಂದು ಕೂತಿವೆ. ಒಂದು ಪದರದೊಳಗೆ ಎಲ್ಲ ಎಳೆಗಳ ದಿಕ್ಕೂ ಒಂದೇ. ಮುಂದಿನ ಪದರದ್ದು ಬೇರೆ. ಕಾರ್ಡಿಫ್‌ನ ಕೀತ್ ಮೀಕ್ ಮತ್ತು ಅವರ ಸಂಗಡಿಗರು ಎಕ್ಸ್-ರೇ ಹಾಯಿಸಿ ನೋಡಿದಾಗ, ಮನುಷ್ಯರ ಕಾರ್ನಿಯಾದ ನಡುಭಾಗದಲ್ಲಿ ಹೆಚ್ಚಿನ ಎಳೆಗಳು ಮೇಲಿಂದ ಕೆಳಕ್ಕೆ ಮತ್ತು ಮೂಗಿನ ಕಡೆಯಿಂದ ಕಿವಿಯ ಕಡೆಗೆ ಹಾದಿರುವುದೂ, ಅಂಚಿನಲ್ಲಿ ಬಳೆಯಾಗಿ ಸುತ್ತುವರಿದಿರುವುದೂ ಕಂಡಿತು. ಮುಂಭಾಗದ ಮೂರನೇ ಒಂದು ಪಾಲಿನಲ್ಲಿ ಪದರಗಳು ಒಂದರೊಳಗೊಂದು ಹೆಣೆದುಕೊಂಡಿರುತ್ತವೆ, ಹಿಂಭಾಗದಲ್ಲಿ ಸಪಾಟಾಗಿ ಮಲಗಿರುತ್ತವೆ. ಹಾಗಾಗಿ ಮುಂಭಾಗ ಹೆಚ್ಚು ಗಟ್ಟಿ, ನೀರಿಗೆ ಉಬ್ಬುವುದೂ ಕಡಿಮೆ.

ಈ ಹೆಣಿಗೆ ಸಡಿಲವಾದರೆ ಬರುವ ರೋಗ ಕೆರಟೋಕೋನಸ್. ಕಾರ್ನಿಯಾ ತೆಳುವಾಗಿ ಮುಂದಕ್ಕೆ ಮೊನೆಯಂತೆ ಚಾಚುತ್ತದೆ. ಹದಿಹರೆಯದಲ್ಲಿ ಶುರುವಾಗಿ ಇಪ್ಪತ್ತರ ಆಚೀಚೆ ಜೋರಾಗುತ್ತದೆ. ವಯಸ್ಸಾದಂತೆ ಎಳೆ ಎಳೆಗಳ ನಡುವೆ ತಾವೇ ತಾವಾಗಿ ಬೆಸುಗೆ ಬೀಳುವುದರಿಂದ ಆಮೇಲೆ ನಿಧಾನವಾಗುತ್ತದೆ. ಕಾರಣಗಳಲ್ಲಿ ವಂಶದ ಪಾಲಿದೆ, ಅಲರ್ಜಿಯಿಂದ ಕಣ್ಣು ತಿಕ್ಕುವ ಅಭ್ಯಾಸದ ಪಾಲೂ ಇದೆ. ಬಿಸಿಲು, ಒಣಗಾಳಿ, ಧೂಳು ಇರುವ ಕಡೆ ಮಕ್ಕಳಿಗೆ, ಅದರಲ್ಲೂ ಗಂಡುಮಕ್ಕಳಿಗೆ, ಕಣ್ಣು ಕೆಂಪಾಗಿ ತುರಿಸುವ ಅಲರ್ಜಿ ಹೆಚ್ಚು. ಜಗಳೂರಿನ ಬಯಲಿನಲ್ಲಿ ಬೆಳೆಯುವ ಹುಡುಗ ಮುಷ್ಟಿ ಕಟ್ಟಿ ಗೆಣ್ಣಿನಿಂದ ಕಣ್ಣು ಹೊಸಕುತ್ತಿದ್ದರೆ ಬರೀ ಗದರಿಸಿ ಸುಮ್ಮನಾಗಬೇಡಿ. ತುರಿಕೆಗೆ ಔಷಧಿ ಕೊಡಿಸಿ. ಆರು ತಿಂಗಳಿಗೊಮ್ಮೆ ಕನ್ನಡಕದ ನಂಬರು ಬದಲಾಗುತ್ತಿದ್ದರೆ, ಅದರಲ್ಲೂ ಸಿಲಿಂಡರ್ ನಂಬರು ಏರುತ್ತಿದ್ದರೆ, ಅಂಗಡಿಯಲ್ಲಿ ಗಾಜು ಬದಲಿಸಿಕೊಂಡು ಬರುವುದು ಸಾಲದು. ಕಾರ್ನಿಯಾದ ನಕ್ಷೆ ತೆಗೆಸಬೇಕು.

ಹೊತ್ತಿಗೆ ಸರಿಯಾಗಿ ಸಿಕ್ಕರೆ ಕೆರಟೋಕೋನಸ್ಸನ್ನು ನಿಲ್ಲಿಸಬಹುದು. ಜರ್ಮನಿಯ ಡ್ರೆಸ್ಡೆನ್‌ನಲ್ಲಿ ವೋಲೆನ್ಸಾಕ್, ಸ್ಪೋರ್ಲ್, ಸೈಲರ್ ಎಂಬ ಮೂವರು 2003ರಲ್ಲಿ ಪ್ರಕಟಿಸಿದ ಚಿಕಿತ್ಸೆ ಇಂದು ನಮ್ಮ ಆಸ್ಪತ್ರೆಗಳಲ್ಲಿ 'ಸಿ3ಆರ್' ಹೆಸರಿನಲ್ಲಿ ಬಳಕೆಯಲ್ಲಿದೆ. ಕಣ್ಣಿಗೆ ಮರಗಟ್ಟುವ ಹನಿ ಹಾಕಿ, ಮೇಲಿನ ಹೊದಿಕೆಯನ್ನು ನಡುವಿನಲ್ಲಿ ಸವರಿ ತೆಗೆದು, ಹಳದಿ ಬಣ್ಣದ ರೈಬೋಫ್ಲಾವಿನ್ ದ್ರಾವಣವನ್ನು ಕೆಲವು ನಿಮಿಷಗಳಿಗೊಮ್ಮೆ ಹನಿ ಹನಿಯಾಗಿ ಅರ್ಧ ಗಂಟೆ ಬಿಡುತ್ತಾರೆ. ಹಾಲು, ಸೊಪ್ಪಿನಲ್ಲಿ ಸಿಗುವ ಬಿ2 ಜೀವಸತ್ವವೇ ಈ ರೈಬೋಫ್ಲಾವಿನ್. ಆಮೇಲೆ ಅಳೆದ ಪ್ರಮಾಣದ ನೇರಳಾತೀತ ಬೆಳಕು. ಮೂಲ ವಿಧಾನದಲ್ಲಿ ಅದೂ ಅರ್ಧ ಗಂಟೆ. ಬೆಳಕು ಮತ್ತು ಜೀವಸತ್ವ ಸೇರಿ ಕೊಲಾಜೆನ್ ಎಳೆಗಳ ನಡುವೆ ಹೊಸ ಬೆಸುಗೆ ಹಾಕುತ್ತವೆ. ವಯಸ್ಸು ಹತ್ತಾರು ವರ್ಷಗಳಲ್ಲಿ ಮಾಡುವ ಕೆಲಸ ಒಂದು ಗಂಟೆಯಲ್ಲಿ ಆಗುತ್ತದೆ. ಕಾರ್ನಿಯಾ ಆಗಲೇ 400 ಮೈಕ್ರಾನಿಗಿಂತ ತೆಳುವಾಗಿದ್ದರೆ ಒಳಪದರಕ್ಕೆ ಬೆಳಕು ತಾಗುವ ಭಯದಿಂದ ಸಾಮಾನ್ಯ ವಿಧಾನ ಬಳಸುವಂತಿಲ್ಲ. ಬೇಗ ಹೋಗಬೇಕು ಎನ್ನುವುದು ಇದಕ್ಕೆ. ಕೆಟ್ಟ ಆಕಾರ ಪೂರ್ತಿ ಸರಿಹೋಗುವುದಿಲ್ಲ, ಇನ್ನಷ್ಟು ಕೆಡುವುದು ನಿಲ್ಲುತ್ತದೆ.

ಈಗ ಹೊಟ್ಟು ಬಿದ್ದ ಕಣ್ಣಿಗೆ ಬರೋಣ. ಗೀರು ಮೇಲ್ಹೊದಿಕೆಯಷ್ಟಕ್ಕೆ ನಿಂತರೆ ಒಂದೆರಡು ದಿನದಲ್ಲಿ ಗುರುತೇ ಇಲ್ಲದಂತೆ ಮುಚ್ಚಿಕೊಳ್ಳುತ್ತದೆ. ಗರಿಯ ಜೊತೆ, ಹೊಟ್ಟಿನ ಜೊತೆ ಬಂದ ಫ್ಯುಸೇರಿಯಂ, ಆಸ್ಪರ್ಜಿಲಸ್‌ನಂಥ ಬೂಷ್ಟು ಆ ಬಾಗಿಲಿನಿಂದ ಸ್ಟ್ರೋಮಾಕ್ಕೆ ಇಳಿದರೆ ಕಥೆ ಬೇರೆ. ಬೂಷ್ಟು ಕೊಲಾಜೆನ್ನನ್ನು ಕರಗಿಸುವ ಕಿಣ್ವ ಸುರಿಸುತ್ತದೆ. ಅದನ್ನು ಕೊಲ್ಲಲು ಓಡಿಬಂದ ನಮ್ಮದೇ ಬಿಳಿ ರಕ್ತಕಣಗಳೂ ಅಂಥದೇ ಕಿಣ್ವ ಬಿಡುತ್ತವೆ. ಹುಣ್ಣು ಮಾಗಿದ ಮೇಲೆ ಗಾಯದ ಜಾಗವನ್ನು ಹೊಸ ಕೊಲಾಜೆನ್ ತುಂಬುತ್ತದೆ ನಿಜ. ಆದರೆ ಅದರ ಎಳೆಗಳು ಅಡ್ಡಾದಿಡ್ಡಿ, ದಪ್ಪ ಸಪೂರ, ಅಂತರಕ್ಕೆ ಲೆಕ್ಕವಿಲ್ಲ. ಕಣ್ಣಲ್ಲಿ ಬಿದ್ದ ಹೂ ಇದೇ. ದೇಹ ತನ್ನ ಶಕ್ತಿಮೀರಿ ಗಾಯ ಮುಚ್ಚಿರುತ್ತದೆ, ತಾಯಿಯ ಗರ್ಭದಲ್ಲಿ ಒಮ್ಮೆ ಹಾಕಿದ ಆ ಸಾಲನ್ನು ಇನ್ನೊಮ್ಮೆ ಹಾಕಲು ಅದಕ್ಕೆ ಬರುವುದಿಲ್ಲ.

ಇದು ಅಪರೂಪದ ಸಂಗತಿಯಲ್ಲ. ತಮಿಳುನಾಡಿನ ಮದುರೆ ಜಿಲ್ಲೆಯಲ್ಲಿ 1993ರ ಲೆಕ್ಕದಂತೆ ಲಕ್ಷ ಜನರಲ್ಲಿ ವರ್ಷಕ್ಕೆ 113 ಮಂದಿಗೆ ಕಾರ್ನಿಯಾದ ಹುಣ್ಣು ಆಗಿತ್ತು. ಅಮೆರಿಕದ ಒಂದು ಕೌಂಟಿಯ ಲೆಕ್ಕಕ್ಕಿಂತ ಹತ್ತು ಪಟ್ಟು. 2015ರಿಂದ 2019ರ ರಾಷ್ಟ್ರೀಯ ಅಂಧತ್ವ ಸಮೀಕ್ಷೆಯಲ್ಲಿ ಐವತ್ತು ದಾಟಿದವರ ಕುರುಡಿಗೆ ಪೊರೆ ಮೊದಲ ಕಾರಣವಾದರೆ, ಐವತ್ತರ ಒಳಗಿನವರಲ್ಲಿ ಕಾರ್ನಿಯಾದ ಕಲೆಯೇ ಮೊದಲ ಕಾರಣವಾಗಿತ್ತು. ದುಡಿಯುವ ವಯಸ್ಸಿನ ಕಣ್ಣುಗಳು ಇವು.

ಬೇಸರದ ವಿಷಯವೆಂದರೆ ಹುಣ್ಣನ್ನು ಹೆಚ್ಚಿಸುವುದು ಅನೇಕ ಸಲ ನಮ್ಮ ಆರೈಕೆಯೇ. ಸೊಪ್ಪಿನ ರಸ, ಹರಳೆಣ್ಣೆ, ಎದೆಹಾಲು ಹಾಕುತ್ತೇವೆ. ನಾಲಿಗೆಯಿಂದ ಕಸ ತೆಗೆಯುವವರ ಬಳಿ ಹೋಗುತ್ತೇವೆ. ಹೀಗೆ ಆರೈಕೆ ಮಾಡುವವರ ಪ್ರೀತಿಯಲ್ಲಿ ಸಂಶಯವಿಲ್ಲ, ಆದರೆ ಗೀರುಬಿದ್ದ ಕಾರ್ನಿಯಾಕ್ಕೆ ಇವೆಲ್ಲ ಸೋಂಕಿನ ದಾರಿ. ಇದಕ್ಕಿಂತ ಕೆಟ್ಟದ್ದು ಮೆಡಿಕಲ್ ಶಾಪಿನಲ್ಲಿ ಕೇಳಿ ತಂದ ಸ್ಟೀರಾಯ್ಡ್ ಹನಿ. ಅದು ಕೆಂಪನ್ನೂ ಉರಿಯನ್ನೂ ಎರಡು ದಿನ ಇಳಿಸುತ್ತದೆ, ಒಳಗೆ ಬೂಷ್ಟು ನಿಶ್ಚಿಂತೆಯಿಂದ ಬೇರು ಬಿಡುತ್ತದೆ. ಎಲೆ ಅಡಿಕೆಯ ಸುಣ್ಣ ಇನ್ನೊಂದು ಅಪಾಯ. ಮಕ್ಕಳು ಸುಣ್ಣದ ಪೊಟ್ಟಣ ಹಿಸುಕಿ ಕಣ್ಣಿಗೆ ಸಿಡಿಸಿಕೊಳ್ಳುತ್ತವೆ. ತೋಟಕ್ಕೆ ಬೋರ್ಡೋ ದ್ರಾವಣ ಕಲಸುವಾಗ ದೊಡ್ಡವರಿಗೂ ಸಿಡಿಯುತ್ತದೆ. ಕ್ಷಾರ ಕಾರ್ನಿಯಾದ ಆಳಕ್ಕೆ ಇಳಿಯುತ್ತಲೇ ಹೋಗುತ್ತದೆ. ಅಂಥ ಹೊತ್ತಿನಲ್ಲಿ ಗಾಡಿ ಹುಡುಕುವುದಕ್ಕಿಂತ ಮೊದಲು ಅಲ್ಲೇ ಇರುವ ಶುದ್ಧ ನೀರಿನಲ್ಲಿ, ರೆಪ್ಪೆ ಬಿಡಿಸಿ ಹಿಡಿದು, ಕನಿಷ್ಠ ಹದಿನೈದು ಇಪ್ಪತ್ತು ನಿಮಿಷ ಬಿಡದೆ ತೊಳೆಯಬೇಕು. ಆಮೇಲೆ ಆಸ್ಪತ್ರೆ.

ಕಲೆ ಬಿದ್ದ ಕಾರ್ನಿಯಾವನ್ನು ಬದಲಿಸಬಹುದಲ್ಲ ಎಂದು ಕೇಳುವವರಿದ್ದಾರೆ. ಬದಲಿಸಬಹುದು. 1905ರಲ್ಲೇ ಎಡ್ವರ್ಡ್ ಜಿರ್ಮ್ ಎಂಬ ವೈದ್ಯರು ಮೊದಲ ಬಾರಿಗೆ ಅದನ್ನು ಸಾಧಿಸಿದರು. ಕರ್ನಾಟಕಕ್ಕೆ ಇದು ಮನೆಮಾತಾದದ್ದು ರಾಜ್‌ಕುಮಾರ್ ಕುಟುಂಬದಿಂದ. 2006ರಲ್ಲಿ ಡಾ. ರಾಜ್ ತೀರಿಕೊಂಡಾಗ, 2017ರಲ್ಲಿ ಪಾರ್ವತಮ್ಮ ತೀರಿಕೊಂಡಾಗ ಕಣ್ಣುಗಳು ದಾನವಾದವು. 2021ರ ಅಕ್ಟೋಬರ್ 29ರಂದು ಪುನೀತ್ ಹೋದಾಗ ನಾರಾಯಣ ನೇತ್ರಾಲಯದ ಡಾ. ಭುಜಂಗ ಶೆಟ್ಟಿ ಮತ್ತವರ ತಂಡ ಎರಡು ಕಣ್ಣುಗಳಿಂದ ನಾಲ್ವರಿಗೆ ದೃಷ್ಟಿ ಕೊಟ್ಟರು. ಅದು ಸಾಧ್ಯವಾದದ್ದು ಕೊಲಾಜೆನ್ ಪದರ ಪದರವಾಗಿರುವುದರಿಂದ. ಪ್ರತಿ ಕಾರ್ನಿಯಾವನ್ನು ಮುಂಭಾಗ, ಹಿಂಭಾಗ ಎಂದು ಸೀಳಿದರು. ಮೇಲ್ಭಾಗ ಕೆಟ್ಟವರಿಗೆ ಮುಂದಿನ ಪದರ, ಒಳಪದರ ಸೋತವರಿಗೆ ಹಿಂದಿನದು. ಹಿಂದಿನ ಪದರ ಕೂರಿಸುವಾಗ ಕಣ್ಣಿನೊಳಗೆ ಒಂದು ಗಾಳಿಗುಳ್ಳೆ ಬಿಡುತ್ತಾರೆ. ರೋಗಿ ಸೂರು ನೋಡುತ್ತಾ ಅಂಗಾತ ಮಲಗಿರುತ್ತಾರೆ, ಮೇಲಕ್ಕೇರುವ ಗುಳ್ಳೆ ಹೊಸ ಪದರವನ್ನು ಅದರ ಜಾಗಕ್ಕೆ ಒತ್ತಿ ಹಿಡಿಯುತ್ತದೆ. ನಮ್ಮ ತಾಲ್ಲೂಕುಗಳ ಯಾವ ಮನೆಯವರೂ ಈ ದಾನ ಮಾಡಬಹುದು. ಸಾವಿನ ನಂತರ ಆರು ಗಂಟೆಯೊಳಗೆ ನೇತ್ರ ಬ್ಯಾಂಕಿನವರು ಬರಬೇಕು, ಅಲ್ಲಿಯವರೆಗೆ ರೆಪ್ಪೆ ಮುಚ್ಚಿ ಒದ್ದೆ ಹತ್ತಿ ಇಟ್ಟು ಫ್ಯಾನ್ ಆರಿಸಿರಬೇಕು. ಕನ್ನಡಕ, ಸಕ್ಕರೆ ಕಾಯಿಲೆ, ಪೊರೆಯ ಆಪರೇಷನ್ ಯಾವುದೂ ಅಡ್ಡಿಯಲ್ಲ.

ಆದರೆ ಬೂಷ್ಟಿನ ಹುಣ್ಣಿನಿಂದ ಕರಗುತ್ತಿರುವ ಕಣ್ಣಿಗೆ ಹಾಕಿದ ಕಸಿ ಕೆರಟೋಕೋನಸ್ಸಿನ ಕಣ್ಣಿಗೆ ಹಾಕಿದಷ್ಟು ಚೆನ್ನಾಗಿ ನಿಲ್ಲುವುದಿಲ್ಲ. ಕೃಷಿಕರ ಕಣ್ಣಿಗೆ ಮೊದಲ ದಿನವೇ ದೊಡ್ಡ ಚಿಕಿತ್ಸೆ. ನೇಪಾಳದ ಭಕ್ತಪುರದಲ್ಲಿ ಊರಿನ ಸ್ವಯಂಸೇವಕರೇ ಗೀರುಬಿದ್ದ ಕಣ್ಣಿಗೆ ಕ್ಲೋರಾಂಫೆನಿಕಾಲ್ ಮುಲಾಮು ಹಚ್ಚುವ ಏರ್ಪಾಡು ಮಾಡಿ 2001ರಲ್ಲಿ ಫಲಿತಾಂಶ ಪ್ರಕಟಿಸಿದರು: ಹದಿನೆಂಟು ಗಂಟೆಯೊಳಗೆ ಬಂದವರಲ್ಲಿ ಒಬ್ಬರಿಗೂ ಹುಣ್ಣಾಗಲಿಲ್ಲ. ಮುಂದೆ ನೇಪಾಳದಲ್ಲೇ ನಡೆದ ಇನ್ನೂ ದೊಡ್ಡ ಪ್ರಯೋಗದಲ್ಲಿ ಊರುಗಳ ಒಟ್ಟು ಹುಣ್ಣುಗಳ ಸಂಖ್ಯೆ ಇಳಿಯಲಿಲ್ಲ. ಆದ್ದರಿಂದ ಮುಲಾಮಿನ ಟ್ಯೂಬು ಹಂಚಿ ಕೈತೊಳೆದುಕೊಳ್ಳಿ ಎಂದು ನಾನು ಹೇಳಲಾರೆ. ಕಣ್ಣನ್ನು ನೋಡುವವರು ಬೇಕು.

ನೋಡುವುದು ಕಷ್ಟದ ಕೆಲಸವಲ್ಲ. ಫ್ಲೋರೆಸಿನ್ ಎಂಬ ಕಿತ್ತಳೆ ಬಣ್ಣದ ಕಾಗದದ ಪಟ್ಟಿಯನ್ನು ಒದ್ದೆಮಾಡಿ ರೆಪ್ಪೆಯ ಒಳಗೆ ಮುಟ್ಟಿಸಿ ನೀಲಿ ಬೆಳಕು ಬಿಟ್ಟರೆ, ಹೊದಿಕೆ ಕಿತ್ತುಹೋದ ಜಾಗ ಹಸಿರಾಗಿ ಹೊಳೆಯುತ್ತದೆ. ತಾಲ್ಲೂಕು ಆಸ್ಪತ್ರೆಗಳ ನೇತ್ರಾಧಿಕಾರಿಗಳಿಗೆ ಇದು ದಿನದ ಕೆಲಸ. ಗಾಯ ಬೂದುಬಣ್ಣಕ್ಕೆ ತಿರುಗಿದ್ದರೆ, ಅಂಚು ಗರಿಯಂತೆ ಹರಡಿದ್ದರೆ ಬೂಷ್ಟೆಂದು ಸಂಶಯಪಟ್ಟು ಅದೇ ದಿನ ಜಗಳೂರು, ಚನ್ನಗಿರಿಯವರನ್ನು ದಾವಣಗೆರೆಯ ಜಿಲ್ಲಾಸ್ಪತ್ರೆಗೋ ಬಾಪೂಜಿಗೋ, ಹೊನ್ನಾಳಿ, ನ್ಯಾಮತಿಯವರನ್ನು ಹತ್ತಿರವಾದರೆ ಶಿವಮೊಗ್ಗದ ಮೆಗ್ಗಾನ್‌ಗೋ ಕಳಿಸಬೇಕು. ಎಳೆ ಎಳೆಯಾಗಿ ಬೆಳೆಯುವ ಬೂಷ್ಟಿನ ಹುಣ್ಣಿಗೆ ನ್ಯಾಟಮೈಸಿನ್ ಹನಿಯೇ ಮೇಲು ಎಂದು ಮದುರೆಯ ಅರವಿಂದ್ ಆಸ್ಪತ್ರೆಯೂ ಸೇರಿ ನಡೆದ, 2013ರಲ್ಲಿ ಪ್ರಕಟವಾದ ಪರೀಕ್ಷೆ ತೋರಿಸಿದೆ. ಒಕ್ಕಣೆಯ ಮತ್ತು ಕೊನೆ ಕೊಯ್ಲಿನ ತಿಂಗಳುಗಳಲ್ಲಿ ಈ ನಾಲ್ಕೂ ತಾಲ್ಲೂಕು ಆಸ್ಪತ್ರೆಗಳಲ್ಲಿ ಫ್ಲೋರೆಸಿನ್ ಪಟ್ಟಿಯೂ ನ್ಯಾಟಮೈಸಿನ್ ಹನಿಯೂ ಮುಗಿಯದಂತೆ ನೋಡಿಕೊಳ್ಳುವುದು ಆರೋಗ್ಯ ಇಲಾಖೆಗೆ ದೊಡ್ಡ ಖರ್ಚಿನ ಬಾಬತ್ತಲ್ಲ. ಯಂತ್ರ ಬಾಡಿಗೆಗೆ ಕೊಡುವವರು ತೆನೆ ಸುರಿಯುವ ಆಳಿಗೆ ಒಂದೊಂದು ಬದಿ ಮುಚ್ಚಿದ ಪ್ಲಾಸ್ಟಿಕ್ ಕನ್ನಡಕವನ್ನು ಯಂತ್ರದ ಜೊತೆಗೇ ಕಳಿಸಲಿ. ಈ ಸುಗ್ಗಿಯಿಂದಲೇ ಶುರುಮಾಡಬಹುದು.